ಮುನಿಶಾಮಪ್ಪನವರ ಕಾಲು ಮತ್ತು ನನ್ನ ಯೋಗ ಪಾಠ

ಯೋಗ ಶಿಕ್ಷಕರ ತರಬೇತಿ ಮುಗಿಸಿದ ಹೆಣ್ಣುಮಕ್ಕಳು ಆಗಾಗ ಹೊಸಕೋಟೆಯ ನಮ್ಮ ಮನೆಗೆ ಬರುತ್ತಾರೆ. ಕೆಲಸ ಹೇಗಿರುತ್ತೆ ಮೇಡಂ ಎಂದು ಕೇಳುತ್ತಾರೆ. ಬಂದವರಿಗೆಲ್ಲ ಕಾಫಿ ಕೊಟ್ಟು ಅದನ್ನೇ ಹೇಳಿ ಹೇಳಿ ನನಗೂ ದಣಿವಾಗಿದೆ. ಹೇಳುವಾಗ ಒಂದೊಂದು ಸಲ ಮುಖ್ಯವಾದದ್ದನ್ನೇ ಬಿಟ್ಟು ಬೇರೆ ಏನೋ ಹೇಳಿ ಕಳಿಸಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕುರ್ಚಿಯ ಮೇಲೆ ಕೂತಿದ್ದೇನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಕಾಲ ನನಗೆ ಮುಗಿಯಿತು.

ಯೋಗ ಹೇಳಿಕೊಡುವವರಿಗೂ ಮಂಡಿನೋವು ಬರುತ್ತದೆಯೇ ಎಂದು ಆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬರುತ್ತದೆ. ನಮಗಾಗಿ ಮಾಡುವುದು ಬೇರೆ, ಹೊಟ್ಟೆಪಾಡಿಗೆ ಮಾಡುವುದು ಬೇರೆ. ದಿನಕ್ಕೆ ನಾಲ್ಕು ಬ್ಯಾಚ್ ಇದ್ದರೆ ಒಂದೇ ಆಸನವನ್ನು ನಾಲ್ಕು ಸಲ ತೋರಿಸಬೇಕು. ಮೈ ಕಾಯದಿದ್ದರೂ ತೋರಿಸಬೇಕು, ಜ್ವರವಿದ್ದರೂ ತೋರಿಸಬೇಕು. ಇನ್ನೊಂದು ತಾಪತ್ರಯ ಇದೆ. ಎದುರು ನಿಂತು ಕಲಿಸುವವರು ಕನ್ನಡಿಯ ಹಾಗೆ ಮಾಡಬೇಕು. ಬಾಯಲ್ಲಿ ಬಲಗಾಲು ಎನ್ನುತ್ತಾ ಎಡಗಾಲು ಎತ್ತಬೇಕು. ಒಂದು ಪಕ್ಕ ನಾವು ತೋರಿಸುತ್ತೇವೆ, ಇನ್ನೊಂದು ಪಕ್ಕ ಅವರೇ ಮಾಡಿಕೊಳ್ಳುವಾಗ ತಿದ್ದಲು ನಡುವೆ ಓಡಾಡುತ್ತೇವೆ. ಹೀಗಾಗಿ ಇಪ್ಪತ್ತಾರು ವರ್ಷ ನನ್ನ ಎಡಗಡೆಯೇ ಹೆಚ್ಚು ದುಡಿಯಿತು. ಸವೆದದ್ದೂ ಅದೇ ಸೊಂಟ, ಅದೇ ಮಂಡಿ. ಆಟೋದವರಿಗೆ ಬಲಕ್ಕೆ ತಿರುಗಿಸಿ ಎಂದು ಹೇಳಿ ಎಡಗೈ ತೋರಿಸಿ ಬೈಸಿಕೊಂಡಿದ್ದೂ ಉಂಟು.

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ನಡುಮನೆಯಲ್ಲೇ ಮಗ್ಗ. ರೇಷ್ಮೆ ಎಳೆಯ ಧೂಳಿಗೋ ಏನೋ, ಹತ್ತನೇ ವಯಸ್ಸಿಗೇ ನನಗೆ ಉಬ್ಬಸ. ನಮ್ಮ ಬೀದಿಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಉಸಿರಾಟ ಹೇಳಿಕೊಟ್ಟರು. ಎರಡು ವರ್ಷದಲ್ಲಿ ಉಬ್ಬಸ ಎಷ್ಟೋ ಹತೋಟಿಗೆ ಬಂತು. ಆ ಮೇಷ್ಟ್ರು ನನ್ನ ಔಷಧಿಯನ್ನು ಒಂದು ದಿನವೂ ತಪ್ಪಿಸಗೊಡಲಿಲ್ಲ ಎಂಬುದು ನನಗೆ ಬಹಳ ವರ್ಷಗಳ ಮೇಲೆ ನೆನಪಾಯಿತು. ಆಗ ನಾನು ತಲೆಯಲ್ಲಿಟ್ಟುಕೊಂಡದ್ದು ಇಷ್ಟೇ, ಯೋಗದಿಂದ ವಾಸಿಯಾಯಿತು ಎಂದು. ಅದೇ ನಂಬಿಕೆಯ ಮೇಲೆ ತರಬೇತಿ ಪಡೆದು ಈ ಕೆಲಸಕ್ಕೆ ಬಂದೆ.

ಮೊದಲ ವರ್ಷಗಳಲ್ಲಿ ದೊಡ್ಡಬಳ್ಳಾಪುರದಲ್ಲೇ ಮಗ್ಗದ ಮನೆಗಳ ಹೆಂಗಸರಿಗೆ ಪಾಠ ಹೇಳುತ್ತಿದ್ದೆ. ಸೀರೆಯಲ್ಲೇ ಬರುತ್ತಿದ್ದರು. ಅತ್ತೆ ಸೊಸೆ ಒಟ್ಟಿಗೆ ಬಂದರೆ ಸೊಸೆ ಮಲಗುತ್ತಿರಲಿಲ್ಲ. "ಅತ್ತೆ ಮುಂದೆ ಕಾಲ್ ಚಾಚ್ಕೊಂಡು ಹೆಂಗ್ ಮಲಗ್ಲಿ ಮೇಡಂ" ಎಂದು ಗೋಡೆಗೆ ಒರಗಿ ಕೂರುತ್ತಿದ್ದರು. ಹಟ ಮಾಡಿ ಅವರಿಗೆ ಬೇರೆ ಬ್ಯಾಚ್ ಮಾಡಿದೆ. ಆ ಬ್ಯಾಚಿನಲ್ಲಿ ಒಬ್ಬಾಕೆ ತಾಡಾಸನಕ್ಕೂ ಎದ್ದು ನಿಲ್ಲುತ್ತಿರಲಿಲ್ಲ. ಬಂದವಳೇ ಜಮಖಾನದ ಮೂಲೆಯಲ್ಲಿ ಶವಾಸನ ಹಾಕಿ, ಕೊನೆಯವರೆಗೂ ನಿದ್ದೆ ಮಾಡಿ ಎದ್ದು ಹೋಗುವಳು. ನಾನು ಎರಡು ಸಲ ರೇಗಿದೆ. ಮೂರನೇ ಸಲ ಅವಳು ಮೆಲ್ಲಗೆ, "ಮನೇಲಿ ಮಲಗಿದ್ರೆ ಯಾಕ್ ಮಲಗ್ದೆ ಅಂತಾರೆ. ಇಲ್ಲಾದ್ರೆ ಯೋಗಕ್ಕೆ ಹೋಗಿದಾಳೆ ಅಂತಾರೆ" ಎಂದಳು. ಆಮೇಲೆ ನಾನು ಅವಳನ್ನು ಎಬ್ಬಿಸಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಯಾರಿಗಾದರೂ ಖಂಡಿತವಾಗಿ ಒಳ್ಳೆಯದು ಮಾಡಿದ್ದೇನೆ ಎಂದು ಹೇಳಬಹುದಾದರೆ ಅವಳಿಗೆ.

ಮದುವೆಯಾಗಿ ಹೊಸಕೋಟೆಗೆ ಬಂದ ಮೇಲೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಚಿಕಿತ್ಸಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ವಿಮಲಾ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ನನ್ನ ಕೆಲಸ ಸುತ್ತಲಿನ ಹಳ್ಳಿಗಳಲ್ಲಿ ವಾರಕ್ಕೆ ಎರಡು ದಿನ ಬೆಳಗಿನ ತರಗತಿ ನಡೆಸುವುದು, ಆರೋಗ್ಯ ಶಿಬಿರಗಳಲ್ಲಿ ಭಾಷಣ ಮಾಡುವುದು. ನನ್ನ ಗಂಟಲು ಚೆನ್ನಾಗಿತ್ತು. ಮೈಕು ಕೊಟ್ಟರೆ ಬಿಡುತ್ತಿರಲಿಲ್ಲ.

ಅನುಗೊಂಡನಹಳ್ಳಿಯಲ್ಲಿ ಅಂಥದೊಂದು ಶಿಬಿರ. ಶಾಮಿಯಾನದ ಕೆಳಗೆ ಸುಮಾರು ಜನ. ನಾನು ಒಂದು ಚಾರ್ಟು ತೂಗುಹಾಕಿಕೊಂಡು ಯೋಗದಲ್ಲಿ ಎಷ್ಟು ಬಗೆ ಎಂದು ವಿವರಿಸುತ್ತಿದ್ದೆ. ಜ್ಞಾನಯೋಗ, ಭಕ್ತಿಯೋಗ, ಕರ್ಮಯೋಗ, ರಾಜಯೋಗ, ಆಮೇಲೆ ನಾವು ಮೈಬಗ್ಗಿಸಿ ಮಾಡುವ ಹಠಯೋಗ. ಮುಂದಿನ ಸಾಲಿನಲ್ಲಿ ಐವತ್ತು ದಾಟಿದ ಒಬ್ಬರು ಕೂತಿದ್ದರು. ದುಂಡನೆಯ ಹೊಟ್ಟೆ, ತೊಳೆದು ಬೆಳ್ಳಗಿದ್ದ ಪಂಚೆ, ಹೆಗಲ ಮೇಲೆ ಟವೆಲು. ಅವರು ಕೈ ಎತ್ತಿ ಕೇಳಿದರು.

"ಮೇಡಮ್ನೋರೆ, ಅವೆಲ್ಲಾ ದೊಡ್ಡೋರಿಗೆ ಬಿಡಿ. ನಂಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯ್ಲೆ. ದಿನಾ ಎರಡು ಮಾತ್ರೆ ನುಂಗ್ತೀನಿ. ಇದ್ರಲ್ಲಿ ಯಾವ ಯೋಗ ಮಾಡಿದ್ರೆ ಈ ಮಾತ್ರೆ ತಪ್ಪುತ್ತೆ?"

ಜನ ನಕ್ಕರು. ನಗು ನಿಲ್ಲುವ ಮೊದಲೇ ನಾನು ಉತ್ತರ ಕೊಟ್ಟೆ. "ಮೂರು ತಿಂಗಳು ಒಂದು ದಿನಾನೂ ತಪ್ಪಿಸದೆ ಮಾಡಿ. ಮಾತ್ರೆ ಡಬ್ಬ ನೀವೇ ಎತ್ತಿ ಎಸೀತೀರಿ."

ಚಪ್ಪಾಳೆ ಬಿತ್ತು. ಆ ಮಾತು ನಾನು ಯೋಚಿಸಿ ಆಡಿದ್ದಲ್ಲ. ಅಂಥ ಮಾತನ್ನು ಬೇರೆಯವರು ವೇದಿಕೆಯ ಮೇಲೆ ಆಡುವುದನ್ನು ಕೇಳಿದ್ದೆ, ಆಗ ಬೀಳುವ ಚಪ್ಪಾಳೆಯನ್ನೂ ಕೇಳಿದ್ದೆ. ಅಷ್ಟೇ.

ಅವರೇ ಮುನಿಶಾಮಪ್ಪ. ಊರು ಸಮೇತನಹಳ್ಳಿ. ಸ್ವಲ್ಪ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಎರಡು ಸೀಮೆಹಸು. ಮುಂದಿನ ಸೋಮವಾರವೇ ನಮ್ಮ ಸಮೇತನಹಳ್ಳಿಯ ತರಗತಿಗೆ ಬಂದರು. ಶಾಲೆಯ ಜಗುಲಿಯಲ್ಲಿ ನಡೆಯುತ್ತಿದ್ದ ಆ ತರಗತಿಗೆ ಅಲ್ಲಿಯವರೆಗೆ ಬರುತ್ತಿದ್ದವರು ಆರೇಳು ಜನ. ಮುನಿಶಾಮಪ್ಪ ಊರಿನಲ್ಲಿ ನಾಲ್ಕು ಜನಕ್ಕೆ ಬೇಕಾದವರು. ಅವರು ಬಂದ ಮೇಲೆ ಇಪ್ಪತ್ತು ಜನ ಆದರು. ನನಗೆ ಇನ್ನೇನು ಬೇಕು.

ಅಷ್ಟು ಶ್ರದ್ಧೆಯ ಶಿಷ್ಯನನ್ನು ನಾನು ಆಮೇಲೂ ಕಾಣಲಿಲ್ಲ. ವಾರಕ್ಕೆರಡು ದಿನ ತರಗತಿಯಾದರೆ ಉಳಿದ ದಿನ ಮನೆಯಲ್ಲಿ ತಾವೇ ಮಾಡುತ್ತಿದ್ದರು. ಮಂಡೂಕಾಸನಕ್ಕೆ ಕೂತು ಮುಷ್ಟಿಗಳನ್ನು ಹೊಕ್ಕುಳ ಪಕ್ಕ ಒತ್ತಿ ಮುಂದಕ್ಕೆ ಬಾಗಿದರೆ ನಾನು ಸಾಕು ಎನ್ನುವವರೆಗೂ ಏಳುತ್ತಿರಲಿಲ್ಲ. ಎರಡು ತಿಂಗಳಿಗೆ ಹೊಟ್ಟೆ ಕರಗಿತು. ನಾಲ್ಕನೇ ತಿಂಗಳಿಗೆ ಪಂಚೆಯನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳಬೇಕಾಯಿತು. ತರಗತಿಯ ನಡುವೆ ಎದ್ದು ಹೋಗಿ ಚೊಂಬಿನ ತುಂಬ ನೀರು ಕುಡಿದು ಬರುತ್ತಿದ್ದರು.

ನಾನು ಅವರನ್ನು ಎಲ್ಲರ ಮುಂದೆ ನಿಲ್ಲಿಸಿದೆ. "ನೋಡಿ, ಮುನಿಶಾಮಪ್ಪನವರು ಹೇಗೆ ಸಣ್ಣ ಆಗಿದಾರೆ. ನೀರು ಎಷ್ಟು ಚೆನ್ನಾಗಿ ಕುಡೀತಾರೆ. ಹೀಗಿರಬೇಕು" ಎಂದೆ. ಅವರು ನಾಚಿಕೊಂಡು ಟವೆಲಿನಿಂದ ಮುಖ ಒರೆಸಿಕೊಂಡರು.

ಸಕ್ಕರೆ ಕಾಯಿಲೆಯ ಬಗ್ಗೆ ಸ್ವಲ್ಪ ತಿಳಿದವರೂ ಇದನ್ನು ಓದುವಾಗಲೇ ಊಹಿಸಿರುತ್ತಾರೆ. ಮಾತ್ರೆಯಿಲ್ಲದೆ ಸಕ್ಕರೆ ಮಿತಿಮೀರಿ ಏರಿದಾಗ ಮೈ ಹಾಗೆಯೇ ಇಳಿಯುತ್ತದೆ, ಬಾಯಾರಿಕೆ ಹಾಗೆಯೇ ಕಾಡುತ್ತದೆ. ನಾನು ಕಾಯಿಲೆಯ ಲಕ್ಷಣಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಹೊಗಳಿದ್ದೆ. ಅವರು ಮಾತ್ರೆ ನಿಲ್ಲಿಸಿ ಆಗಲೇ ಮೂರು ತಿಂಗಳಾಗಿತ್ತು. ನಿಲ್ಲಿಸಿದ್ದಾರೆಯೇ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಒಂದು ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕಾಲಿಗೆ ಏನೋ ಆಗಿದೆಯಂತೆ ಎಂದು ಯಾರೋ ಹೇಳಿದರು. ಬರುತ್ತಾರೆ ಬಿಡಿ ಎಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಡಾಕ್ಟರ್ ವಿಮಲಾ ನನ್ನನ್ನು ಕರೆಸಿದರು. ಮುನಿಶಾಮಪ್ಪನವರ ಭಾವಮೈದುನ, ನಮ್ಮ ಚಿಕಿತ್ಸಾಲಯದಲ್ಲೇ ಮಾತ್ರೆ ಬರೆದುಕೊಟ್ಟಿದ್ದ ಹಳೆಯ ಚೀಟಿಯ ನಕಲು ಕೇಳಲು ಬಂದಿದ್ದರಂತೆ. ತೋಟದಲ್ಲಿ ಸವರಿದ ಹಿಪ್ಪುನೇರಳೆಯ ಕೂಳೆ ಅಂಗಾಲಿಗೆ ಚುಚ್ಚಿದೆ. ಕಾಲು ಜೋಮು ಹಿಡಿದಿದ್ದರಿಂದ ಮುನಿಶಾಮಪ್ಪನವರಿಗೆ ಗೊತ್ತೇ ಆಗಿಲ್ಲ. ವಾಸನೆ ಬಂದ ಮೇಲೆ ಹೆಂಡತಿ ನೋಡಿದ್ದಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ.

ಡಾಕ್ಟರ್ ರಿಜಿಸ್ಟರು ತೆರೆದು ಪೆನ್ನು ಹಿಡಿದಿದ್ದರು. "ಐದಾರು ತಿಂಗಳಿಂದ ಮಾತ್ರೆ ತಗೊಂಡಿಲ್ಲವಂತೆ. ಬಿಡಿ ಅಂತ ನೀವೇನಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ. ಅವರೇ ಬಿಟ್ಟಿರಬೇಕು."

ಎಷ್ಟು ಸಲೀಸಾಗಿ ಬಂತು ಆ ಮಾತು. ಡಾಕ್ಟರ್ ನನ್ನ ಮುಖ ನೋಡಿದರು. ಆಮೇಲೆ ರಿಜಿಸ್ಟರಿನಲ್ಲಿ ರೋಗಿ ಸ್ವಂತ ಇಚ್ಛೆಯಿಂದ ಔಷಧಿ ನಿಲ್ಲಿಸಿದ್ದಾರೆ ಎಂದು ಬರೆದರು. ನಾನು ಅಲ್ಲೇ ನಿಂತು ಅವರು ಬರೆಯುವುದನ್ನು ನೋಡಿದೆ.

ಮೂರು ದಿನ ನಾನು ಎಂದಿನಂತೆ ತರಗತಿ ನಡೆಸಿದೆ. ಉಸಿರು ಎಳೆದುಕೊಳ್ಳಿ, ಬಿಡಿ ಎಂದು ಹೇಳುತ್ತಿದ್ದೆ. ನನಗೆ ಮಾತ್ರ ಎದೆಯ ಅರ್ಧಕ್ಕಿಂತ ಕೆಳಗೆ ಉಸಿರು ಇಳಿಯುತ್ತಿರಲಿಲ್ಲ. ನಾಲ್ಕನೇ ದಿನ ಎರಡು ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತು, ಸಂಜೆ ನಾಲ್ಕು ಗಂಟೆ.

ಮುನಿಶಾಮಪ್ಪ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆ ಒಂದು ಕಡೆ ಪಾದದವರೆಗೆ ಉಬ್ಬಿತ್ತು, ಇನ್ನೊಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಅವರ ಹೆಂಡತಿ ಪಿಳ್ಳಮ್ಮ. ಅವರನ್ನು ನಾನು ಅದಕ್ಕೆ ಮುಂಚೆ ಒಂದೆರಡು ಸಲ ಹಾಲಿನ ಡೇರಿಯ ಬಳಿ ನೋಡಿದ್ದೆನಷ್ಟೆ.

"ಬನ್ನಿ ಮೇಡಮ್ನೋರೆ" ಎಂದರು ಮುನಿಶಾಮಪ್ಪ. ಎಳನೀರನ್ನು ಕೆಳಗಿಡಲು ಹೆಂಡತಿಗೆ ಸನ್ನೆ ಮಾಡಿದರು. ಆಮೇಲೆ ತಪ್ಪೊಪ್ಪಿಕೊಳ್ಳುವವರ ಹಾಗೆ ದನಿ ಇಳಿಸಿ ಹೇಳಿದರು. "ನೀವು ಬೇಜಾರ್ ಮಾಡ್ಕೋಬೇಡಿ. ನಂದೇ ತಪ್ಪು. ನೀವು ಒಂದಿನಾನೂ ತಪ್ಪಿಸ್ಬೇಡಿ ಅಂದಿದ್ರಿ. ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮಲ್ಲಿ ಪುರುಸೊತ್ತೇ ಇರ್ಲಿಲ್ಲ. ಎಂಟ್ ದಿನ ಬಿಟ್ಬಿಟ್ಟೆ. ಅದ್ಕೇ ಹಿಂಗಾಗಿದ್ದು."

ಪಕ್ಕದ ಮಂಚದಲ್ಲಿ ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸ ಮಾಡುವ ಒಬ್ಬರಿದ್ದರು. ನಲವತ್ತು ವರ್ಷವಿರಬಹುದು. ಅವರಿಗೂ ಸಕ್ಕರೆ, ಕಾಲಿಗೆ ಪಟ್ಟಿ ಕಟ್ಟಿತ್ತು. ಮುನಿಶಾಮಪ್ಪ ಅವರ ಕಡೆ ತಿರುಗಿ, "ಹೇಳಿದ್ನಲ್ಲ ಗುರು, ಇವ್ರೇ ಆ ಮೇಡಂ. ನೀನು ಇಲ್ಲಿಂದ ಹೋದ್ಮೇಲೆ ಇವ್ರ ಹತ್ರ ಕಲ್ತ್ಕೋ. ಮಾತ್ರೆನೇ ಬೇಡ. ಆದ್ರೆ ನನ್ ತರ ಮಧ್ಯ ಬಿಡ್ಬಾರ್ದು" ಎಂದರು.

ಆ ಮನುಷ್ಯ ನನಗೆ ಕೈ ಮುಗಿದ.

ನಾನು ಬರುತ್ತೇನೆ ಎಂದು ಹೇಳಿ ಎದ್ದುಬಿಟ್ಟೆ. ಮೆಟ್ಟಿಲಿಳಿದು, ಗೇಟು ದಾಟಿ, ಬಸ್ ಸ್ಟಾಪಿನವರೆಗೂ ಹೋದೆ. ಹೊಸಕೋಟೆ ಬಸ್ಸು ಬಂತು. ಬಾಗಿಲ ಕಂಬಿ ಹಿಡಿದೆ. ಕಂಡಕ್ಟರು, "ಹತ್ತೋದಾದ್ರೆ ಹತ್ತಿ ಅಮ್ಮಾ" ಎಂದರು. ಆ ಲೋಡಿಂಗ್ ಕೆಲಸದವನು ಮುಗಿದ ಕೈ ಕಣ್ಣ ಮುಂದೆಯೇ ಇತ್ತು. ನಾನು ಹತ್ತಲಿಲ್ಲ. ನನ್ನ ಧೈರ್ಯದ ಬಗ್ಗೆ ನೀವು ದೊಡ್ಡದಾಗಿ ತಿಳಿಯಬೇಡಿ. ಅವನೊಬ್ಬ ಆ ಮಂಚದಲ್ಲಿ ಇಲ್ಲದೇ ಹೋಗಿದ್ದರೆ ನಾನು ಬಸ್ ಹತ್ತಿ ಮನೆಗೆ ಹೋಗುತ್ತಿದ್ದೆ.

ವಾಪಸು ಬಂದು ಮಂಚದ ಪಕ್ಕ ನಿಂತೆ. "ಮುನಿಶಾಮಪ್ಪನೋರೆ, ನೀವು ಎಂಟು ದಿನ ಬಿಟ್ಟಿದ್ದಕ್ಕೆ ಹೀಗಾಗಿಲ್ಲ. ಮಾತ್ರೆ ಬಿಟ್ಟಿದ್ದಕ್ಕೆ ಆಗಿದ್ದು. ನಾನು ಅವತ್ತು ಹೇಳಿದ್ದು ತಪ್ಪು. ಯೋಗ ಮಾಡ್ತಾ ಮಾತ್ರೇನೂ ತಗೋಬೇಕಿತ್ತು. ಕಮ್ಮಿ ಮಾಡೋದು, ಬಿಡೋದು ಡಾಕ್ಟರ್ ಹೇಳಬೇಕಾದ ಮಾತು. ನನಗೆ ಗೊತ್ತಿಲ್ಲದೇ ಇದ್ದದ್ದನ್ನ ನಾನು ಹೇಳಿಬಿಟ್ಟೆ." ಪಕ್ಕದ ಮಂಚಕ್ಕೆ ತಿರುಗಿ, "ನೀವೂ ಬಿಡಬೇಡಿ" ಎಂದೆ.

ಮುನಿಶಾಮಪ್ಪ ಹೊದಿಕೆಯ ಚಪ್ಪಟೆಯಾದ ಕಡೆಯನ್ನೇ ನೋಡುತ್ತಿದ್ದರು. ಹಾಗೇ ನೋಡುತ್ತಾ ಕೇಳಿದರು. "ಹಂಗಾದ್ರೆ ನಾನ್ ತಪ್ಪಿಸಿದ್ದಕ್ಕಲ್ವಾ?"

"ಅಲ್ಲ."

ಪಿಳ್ಳಮ್ಮ ಸ್ಟೂಲಿನಿಂದ ಎದ್ದರು. ದನಿ ಎತ್ತಲಿಲ್ಲ. "ದಿನಾ ಬೆಳಿಗ್ಗೆ ನಾನ್ ಮಾತ್ರೆ ಕೈಗ್ ಕೊಡ್ತಿದ್ದೆ. ಮೇಡಂ ಬೇಡ ಅಂದವ್ರೆ ಅಂತ ಡಬ್ಬಾನ ಹಟ್ಟಿ ಹಿಂದಕ್ಕೆ ಎಸೆದ್ಬಿಟ್ರು. ಓದಿರೋರು ಹೇಳಿದಾರೆ ಅಂತ ನಾನೂ ಸುಮ್ಕಾದೆ. ಇನ್ ನೀವು ಹೊರಡಿ" ಎಂದರು. ಎಳನೀರನ್ನು ಎತ್ತಿ ನನ್ನ ಕೈಗೇ ಕೊಟ್ಟರು.

ಮಾರನೆಯ ದಿನ ಡಾಕ್ಟರ್ ವಿಮಲಾ ಅವರ ಮುಂದೆ ನಿಂತು, ಶಿಬಿರದಲ್ಲಿ ಆಡಿದ ಮಾತನ್ನೂ ಅವರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ರಿಜಿಸ್ಟರು ತೆಗೆದು ಹಳೆಯ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಹೊಸದಾಗಿ ಬರೆದು, ನನ್ನಿಂದ ಸಹಿ ಹಾಕಿಸಿಕೊಂಡರು. ಕೆಲಸ ಹೋಯಿತೆಂದೇ ನಾನು ತಿಳಿದೆ. ಅವರು ಹೇಳಿದ್ದು ಬೇರೆ. "ಎರಡು ವಾರ ನಿಮಗೆ ಕ್ಲಾಸ್ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ನನ್ನ ಪಕ್ಕ ಕೂತ್ಕೊಳ್ಳಿ. ಬಾಯಿ ಬಿಡಬೇಡಿ. ನೋಡಿ, ಕೇಳಿ."

ಆ ಎರಡು ವಾರದಲ್ಲಿ ಕಲಿತದ್ದನ್ನು ನನ್ನ ಯಾವ ತರಬೇತಿಯೂ ಕಲಿಸಿರಲಿಲ್ಲ. ಎದೆಯುರಿ ಎಂದು ಬಂದವರಲ್ಲಿ ಹೃದಯದ ತೊಂದರೆ ಇದ್ದವರನ್ನು ನೋಡಿದೆ. ಬಿ.ಪಿ. ಏರಿದ್ದರೂ ನನಗೇನೂ ಇಲ್ಲ ಎಂದು ನಗುತ್ತಾ ಕೂರುವವರನ್ನು ನೋಡಿದೆ. ಇವರಲ್ಲಿ ಎಷ್ಟು ಜನರನ್ನು ನಾನು ಸರ್ವಾಂಗಾಸನಕ್ಕೆ ತಲೆಕೆಳಗು ಮಾಡಿದ್ದೇನೋ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಮತ್ತೆ ತರಗತಿಗೆ ಹೋದಾಗ ನನ್ನ ಪದ್ಧತಿ ಬದಲಾಗಿತ್ತು. ಜಮಖಾನ ಹಾಸುವ ಮೊದಲು ಒಬ್ಬೊಬ್ಬರನ್ನೂ ಕೇಳುವುದು, ಏನು ಕಾಯಿಲೆ, ಏನು ಔಷಧಿ, ಇವತ್ತು ತಗೊಂಡಿರಾ, ಮೈ ಇಳಿಯುತ್ತಿದೆಯಾ, ಕಾಲಿಗೆ ಸ್ಪರ್ಶ ಗೊತ್ತಾಗುತ್ತಾ. ಅಂಗಾಲು ತೋರಿಸಿ ಎನ್ನುತ್ತಿದ್ದೆ. ಸಮೇತನಹಳ್ಳಿಯಲ್ಲಿ ಹಾಗೆ ಕೇಳಿಸಿಕೊಳ್ಳಲು ಉಳಿದವರು ಮೂರೇ ಜನ. ಮಿಕ್ಕವರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಆ ಮೂವರಲ್ಲಿ ಒಬ್ಬರು, "ಮುನಿಶಾಮಪ್ಪ ನಿಮ್ಮನ್ನ ಬಂದ್ ಹೋಗಕ್ಕೆ ಹೇಳವ್ರೆ" ಎಂದರು. ಗುರುವಾರ, ತರಗತಿ ಮುಗಿಸಿಕೊಂಡು ಹೋದೆ. ಮುನಿಶಾಮಪ್ಪ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಊರುಗೋಲು. ಪಿಳ್ಳಮ್ಮ ನನ್ನನ್ನು ಕಂಡು ಒಳಗೆ ಹೋದರು.

"ಕಾಲಿಂದು ಬಿಡಿ, ಹೋಯ್ತು" ಎಂದರು ಮುನಿಶಾಮಪ್ಪ. "ಈ ಕೋಲ್ ಹಿಡ್ದು ಹಿಡ್ದು ಭುಜ, ಕತ್ತು ಎಲ್ಲಾ ನೋವು. ಇಲ್ದಿರೋ ಬೆರಳು ಬೇರೆ ಉರೀತದೆ. ನಿದ್ದೆ ಬರಲ್ಲ. ಇದಕ್ಕೇನಾದ್ರೂ ಐತಾ, ಹೇಳಿ. ಗೊತ್ತಿದ್ರೆ ಹೇಳಿ, ಇಲ್ದಿದ್ರೆ ಇಲ್ಲ ಅನ್ನಿ."

"ಭುಜಕ್ಕೆ ಇದೆ. ನಿದ್ದೆಗೆ ಸ್ವಲ್ಪ ಆಗಬಹುದು. ಬೆರಳಿನ ಉರಿಗೆ ನನಗೆ ಗೊತ್ತಿಲ್ಲ. ಡಾಕ್ಟರನ್ನ ಕೇಳಿ ಬಂದು ಹೇಳ್ತೀನಿ."

"ಆಯ್ತು" ಎಂದು ಅವರು ಊರುಗೋಲನ್ನು ಗೋಡೆಗೆ ಒರಗಿಸಿದರು. ನನ್ನನ್ನು ಯಾಕೆ ಕರೆಸಿದಿರಿ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ.

ಅವತ್ತಿನಿಂದ ಗುರುವಾರ ಗುರುವಾರ ಅವರ ಜಗುಲಿಯಲ್ಲಿ ಪಾಠ. ಈಗ ಚೇರ್ ಯೋಗ ಎಂದು ಹೆಸರಿಟ್ಟು ಬೋರ್ಡು ಹಾಕುತ್ತಾರೆ. ಆಗ ನನಗೆ ಆ ಹೆಸರು ಗೊತ್ತಿರಲಿಲ್ಲ. ಡಾಕ್ಟರ್ ವಿಮಲಾ ಅವರನ್ನು ಕೇಳಿ, ಅವರು ಹೇಳಿದ ಫಿಸಿಯೋಥೆರಪಿಯವರನ್ನು ಕೇಳಿ, ಕುರ್ಚಿಯಲ್ಲಿ ಕೂತು ಮಾಡುವಂಥದ್ದನ್ನು ಒಂದೊಂದೇ ಹೊಂದಿಸಿದೆ. ಕೈ ಮೇಲೆತ್ತುವುದು, ಭುಜ ತಿರುಗಿಸುವುದು, ಬೆನ್ನು ನೆಟ್ಟಗೆ ಮಾಡಿ ನಿಧಾನ ಉಸಿರು ಬಿಡುವುದು, ದುಂಬಿಯ ಹಾಗೆ ಗುಂಯ್‌ಗುಟ್ಟುವ ಭ್ರಾಮರಿ. ಹಿಂದೆ ನಾನು ಹೇಳುತ್ತಿದ್ದ ಕಪಾಲಭಾತಿಯ ಬಿರುಸು ಇದರಲ್ಲಿ ಇರಲಿಲ್ಲ. ಕೈ ಎತ್ತುವಾಗ ಮುನಿಶಾಮಪ್ಪ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಿದ್ದರು. "ಉಸಿರು ಹಿಡೀಬೇಡಿ, ಎತ್ತುವಾಗ ತಗೊಳ್ಳಿ, ಇಳಿಸುವಾಗ ಬಿಡಿ" ಎಂದು ಪ್ರತಿ ವಾರವೂ ಹೇಳಬೇಕಿತ್ತು. ಮೂರು ತಿಂಗಳಿಗೆ ಭುಜದ ನೋವು ಅರ್ಧಕ್ಕೆ ಇಳಿಯಿತು ಎಂದರು. ವರ್ಷದ ಮೇಲೆ ಕೃತಕ ಕಾಲು ಹಾಕಿಸಿಕೊಂಡು ತೋಟದ ಬದುವಿನವರೆಗೆ ನಡೆದರು. ಅದರಲ್ಲಿ ನನ್ನ ಪಾಠದ ಪಾಲು ಎಷ್ಟು, ಕಾಲು ಹಾಕಿದವರ ಪಾಲು ಎಷ್ಟು, ಅವರ ಹಟದ ಪಾಲು ಎಷ್ಟು ಎಂದು ನಾನು ಹೇಳಲಾರೆ.

ಪಿಳ್ಳಮ್ಮ ಮಾತ್ರ ನನ್ನ ಜೊತೆ ಮಾತಾಡಲಿಲ್ಲ. ನಾನು ಬಂದ ಕೂಡಲೇ ಎದ್ದು ಒಳಗೆ ಹೋಗುವರು. ಒಳಗಿಂದ ಪಾತ್ರೆಯ ಸದ್ದು ಕೇಳುತ್ತಿತ್ತು, ಇಲ್ಲವಾದರೆ ಏನೂ ಕೇಳುತ್ತಿರಲಿಲ್ಲ.

ಈ ನಡುವೆ ಉಳಿದ ಕೆಲಸವೂ ನಡೆಯಬೇಕಲ್ಲ. ಡಾಕ್ಟರ್ ವಿಮಲಾ ಬೇರೆ ಊರಿಗೆ ಹೋದರು. ಅವರ ನಂತರ ಬಂದ ಮ್ಯಾನೇಜರು ಚಿಕಿತ್ಸಾಲಯವನ್ನು ವೆಲ್‌ನೆಸ್ ಸೆಂಟರ್ ಎಂದು ಕರೆದು, ದೇವನಹಳ್ಳಿ ಕಡೆಯ ಹೊಸ ಲೇಔಟುಗಳಲ್ಲಿ ತರಗತಿ ಶುರುಮಾಡಿದರು. ಅಲ್ಲಿಯವರು ಪವರ್ ಯೋಗ ಬೇಕು ಎಂದರು. ಆಸನದಿಂದ ಆಸನಕ್ಕೆ ನಿಲ್ಲಿಸದೆ ಓಡಬೇಕು, ಬೆವರು ಹರಿಯಬೇಕು. ಆರೋಗ್ಯವಾಗಿರುವ ಮೈಗೆ ಅದೂ ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಒಬ್ಬ ಹೆಣ್ಣುಮಗಳು ಒಂದೇ ಬೆಳಿಗ್ಗೆ ನೂರೆಂಟು ಸೂರ್ಯನಮಸ್ಕಾರ ಹಾಕುತ್ತೇನೆ ಎಂದಳು. ಬಿ.ಪಿ. ನೋಡಿದೆ, ಹೆಚ್ಚಿತ್ತು. ಡಾಕ್ಟರನ್ನು ಕಂಡು ಬನ್ನಿ, ಆಮೇಲೆ ಹಾಕೋಣ ಎಂದೆ.

"ನೀವು ಡಾಕ್ಟರಾ ಮೇಡಂ?" ಎಂದಳು.

"ಅಲ್ಲ. ಅದಕ್ಕೇ ಕಳಿಸ್ತಿರೋದು."

ಅವಳು ಮ್ಯಾನೇಜರಿಗೆ ದೂರು ಕೊಟ್ಟಳು. ಮ್ಯಾನೇಜರು ನನ್ನನ್ನು ಆ ಲೇಔಟಿನಿಂದ ತೆಗೆದು, ಹಾಡು ಹಾಕಿಕೊಂಡು ಪಾಠ ಮಾಡುವ ಹೊಸಬರನ್ನು ಕಳಿಸಿದರು. ಆ ಹೆಣ್ಣುಮಗಳಿಗೆ ಏನೂ ಆಗಲಿಲ್ಲ. ನೂರೆಂಟೂ ಹಾಕಿ ಫೋಟೋ ಹಂಚಿಕೊಂಡಳಂತೆ. ಮ್ಯಾನೇಜರು ಅದನ್ನು ನನಗೆ ತೋರಿಸಿದರು. ಹೊಸದಾಗಿ ಕೆಲಸಕ್ಕೆ ಬರುವವರು ಇದನ್ನೂ ತಿಳಿದಿರಬೇಕು. ಹತ್ತು ಜನರನ್ನು ತಡೆದರೆ ಒಂಬತ್ತು ಜನಕ್ಕೆ ನೀವು ಪುಕ್ಕಲರ ಹಾಗೆ ಕಾಣುತ್ತೀರಿ. ಹತ್ತನೆಯವರಿಗೆ ತಾನು ಉಳಿದೆ ಎಂಬುದೇ ಗೊತ್ತಾಗುವುದಿಲ್ಲ.

ಯೋಗ ದಿನ ಬಂದಾಗ ಮೈದಾನದ ತುಂಬ ಜನ ಸೇರಿಸಬೇಕು. ಅತಿಥಿಗಳು ಬರುವುದು ತಡವಾಗಿ ಮಕ್ಕಳು ಬಿಸಿಲಿನಲ್ಲಿ ವಜ್ರಾಸನದಲ್ಲೇ ಕಾಯುತ್ತವೆ. ಲಾಕ್‌ಡೌನ್ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಹೇಳಿದೆ. ಅರ್ಧ ಜನರ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು. ಪ್ರಾಣಾಯಾಮ ಮಾಡಿದರೆ ಆ ಕಾಯಿಲೆ ಬರುವುದಿಲ್ಲ ಅಲ್ಲವೇ ಎಂದು ಎಲ್ಲರೂ ಕೇಳುವರು. ನನ್ನ ಬಾಯಿಂದ ಹೌದು ಎನ್ನಿಸಬೇಕೆಂಬ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ನನಗೆ ಗೊತ್ತಿಲ್ಲ, ಮಾಸ್ಕ್ ಹಾಕಿಕೊಳ್ಳಿ ಎನ್ನುತ್ತಿದ್ದೆ. ಒಬ್ಬೊಬ್ಬರಾಗಿ ಬಿಟ್ಟು ಹೋದರು.

ಮುನಿಶಾಮಪ್ಪ ಕಾಲು ಕಳೆದುಕೊಂಡ ಮೇಲೆ ಎಂಟು ವರ್ಷ ಬದುಕಿದರು. ಕಡೆಗೆ ಕಿಡ್ನಿ ಕೈಕೊಟ್ಟಿತು. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದರು, ಆದರೂ ಹಿಂದೆ ಆದ ಹಾನಿ ಹಾಗೇ ಉಳಿದಿತ್ತು. ಕೊನೆಯ ತಿಂಗಳುಗಳಲ್ಲಿ ಕೈ ಎತ್ತಲೂ ಆಗುತ್ತಿರಲಿಲ್ಲ. ನಾನು ಹೋದರೆ ಕಣ್ಣುಮುಚ್ಚಿ ಕೂತು ಉಸಿರಾಡುವರು, ನಾನೂ ಪಕ್ಕದಲ್ಲಿ ಕೂರುವೆ. ಅವರ ತಿಥಿಗೆ ನಾನು ಹೋಗಲಿಲ್ಲ. ಯಾರೂ ಕರೆದಿರಲಿಲ್ಲ. ಗುರುವಾರ ಸಮೇತನಹಳ್ಳಿಯ ತರಗತಿ ಮುಗಿದ ಮೇಲೆ ನೇರವಾಗಿ ಬಸ್ಸಿಗೆ ಬಂದು ನಿಲ್ಲುವುದು ಅಭ್ಯಾಸವಾಗಲು ಬಹಳ ದಿನ ಹಿಡಿಯಿತು.

ಮತ್ತೆರಡು ವರ್ಷ ಕಳೆದು ನಾನು ಕೆಲಸ ಬಿಡುವ ತಿಂಗಳು ಬಂತು. ಒಂದು ಸೋಮವಾರ ಶಾಲೆಯ ಜಗುಲಿಯಲ್ಲಿ ಕುರ್ಚಿಗಳನ್ನು ಜೋಡಿಸುತ್ತಿದ್ದೆ. ವಯಸ್ಸಾದ ಏಳೆಂಟು ಹೆಂಗಸರು ಬಂದಿದ್ದರು. ಎಲ್ಲರ ಹಿಂದೆ ಪಿಳ್ಳಮ್ಮ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಹತ್ತಿರ ಬಂದು ಅದರಿಂದ ಆಸ್ಪತ್ರೆಯ ಚೀಟಿ ತೆಗೆದು ನನ್ನ ಮುಂದೆ ಹಿಡಿದರು.

"ನಂಗೂ ಸಕ್ಕರೆ ಬಂದೈತಂತೆ. ಮಾತ್ರೆ ಬರ್ಕೊಟ್ಟವ್ರೆ. ನುಂಗ್ಕೊಂಡೇ ಬಂದಿದೀನಿ. ಯೋಗಾನೂ ಮಾಡು ಅಂದ್ರು ಡಾಕ್ಟ್ರು."

ಚೀಟಿ ಓದಿದೆ. ಯಾವ ಹೊತ್ತಿಗೆ ನುಂಗಿದಿರಿ, ತಿಂಡಿ ಆಯಿತೇ ಎಂದು ಕೇಳಿದೆ. ಹೇಳಿದರು. ಅಂಗಾಲು ತೋರಿಸಿ ಎಂದೆ. ಒಂದು ಕ್ಷಣ ನನ್ನನ್ನು ನೋಡಿ, ಚಪ್ಪಲಿ ಬಿಟ್ಟು ಒಂದೊಂದೇ ಪಾದ ಎತ್ತಿ ತೋರಿಸಿದರು. ನಾನು ನೆಲಕ್ಕೆ ಮಂಡಿಯೂರಿ ನೋಡಿದೆ. ಬೆರಳ ಸಂದಿಗಳನ್ನೂ ನೋಡಿದೆ. ಗಾಯವಿರಲಿಲ್ಲ. ಏಳುವಾಗ ನನ್ನ ಮಂಡಿ ಹಿಡಿದುಕೊಂಡಿತು. ಅವರು ಕೈ ಕೊಡಲಿಲ್ಲ. ಕುರ್ಚಿಯನ್ನು ನನ್ನ ಕಡೆ ಸರಿಸಿದರು. ಅದನ್ನು ಹಿಡಿದು ಎದ್ದೆ.

ಇನ್ನೊಂದು ಕುರ್ಚಿ ಹಾಕಿ ಅವರನ್ನು ಕೂರಿಸಿದೆ. ಎಲ್ಲರೂ ಕೈ ಎತ್ತಲು ಶುರುಮಾಡಿದರು. ಪಿಳ್ಳಮ್ಮನಿಗೆ ಮೊದಲ ದಿನವಾದ್ದರಿಂದ ಪಕ್ಕದಲ್ಲೇ ನಿಂತು, "ಉಸಿರು ಹಿಡೀಬೇಡಿ. ಎತ್ತುವಾಗ" ಎಂದು ಬಾಯಿ ತೆಗೆದೆ.

"ಗೊತ್ತು. ಎತ್ತುವಾಗ ತಗೊಳ್ಳೋದು, ಇಳಿಸುವಾಗ ಬಿಡೋದು" ಎಂದರು ಪಿಳ್ಳಮ್ಮ, ಮುಂದೆ ನೋಡುತ್ತಲೇ. "ನಮ್ಮನೆಯೋರಿಗೆ ಹೇಳ್ತಿದ್ರಲ್ಲ. ಒಳಗಿಂದ ಕೇಳಿಸ್ಕೊಂತಿದ್ದೆ."

ಎರಡೂ ಕೈಗಳನ್ನು ನಿಧಾನವಾಗಿ ಇಳಿಸುತ್ತಾ ಅವರು ಉಸಿರು ಬಿಟ್ಟರು. ನಾನು ಪಕ್ಕದವರನ್ನು ತಿದ್ದಲು ಮುಂದಕ್ಕೆ ಹೋದೆ.